ಚಾಪೆಯ ಮುಳ್ಳು

ಆ ಶನಿವಾರ ಹಲ್ಲಿನ ಆಸ್ಪತ್ರೆಯ ಬಿಸಿನೀರೆಲ್ಲ ನಮ್ಮವರ ಒಂದು ಕೈಗೇ ಖರ್ಚಾಯಿತು.

ಕೈ ಮುಳುಗುವಂಥ ಪಾತ್ರೆ ಅಲ್ಲಿರಲಿಲ್ಲ. ಕೌಂಟರಿನ ಸಿಸ್ಟರ್ ತನ್ನ ಲೋಟ ತಟ್ಟೆ ತೊಳೆಯುವ ಪ್ಲಾಸ್ಟಿಕ್ ಬೋಗುಣಿ ತಂದು ಕೊಟ್ಟಳು. ಅದರಲ್ಲಿ ಇವರ ಬಲಗೈ ಮಣಿಕಟ್ಟಿನವರೆಗೆ ಮುಳುಗಿತ್ತು. ಅವಳು ಕೆಟಲ್ಲಿನಲ್ಲಿ ಕುದಿಸಿ ತರುತ್ತಿದ್ದಳು. ನಾನು ತಣ್ಣೀರು ಬೆರೆಸಿ, ಮೊದಲು ನನ್ನ ಕೈ ಅದ್ದಿ ನೋಡಿ, ಆಮೇಲೆ ಬೋಗುಣಿಗೆ ಸುರಿಯುತ್ತಿದ್ದೆ. ಮುಳ್ಳು ಹೊಕ್ಕ ಕೈಗೆ ಬಿಸಿ ಎಷ್ಟೆಂದು ತಿಳಿಯುವುದಿಲ್ಲ. ನೋವಿನ ಭರದಲ್ಲಿ ಚರ್ಮ ಬೆಂದರೂ ಸುಮ್ಮನಿರುತ್ತದೆ. ತಡೆಯಬಹುದಾದಷ್ಟು ಬಿಸಿ ತೊರಕೆ ಮೀನಿನ ವಿಷದ ಉರಿಯನ್ನು ತಗ್ಗಿಸುತ್ತದೆ, ಅದಕ್ಕಿಂತ ಹೆಚ್ಚಾದರೆ ಇನ್ನೊಂದು ಗಾಯ. ಇದನ್ನು ನನಗೆ ಕಲಿಸಿದವರೂ ಇವರೇ.

"ಇನ್ನೂ ಎಷ್ಟು ಹೊತ್ತೇ?"

"ಇಪ್ಪತ್ತು ಪದ್ಯ ಆಯ್ತು. ಇನ್ನು ನಲವತ್ತಾದ್ರೂ ಆಗ್ಬೇಕು."

"ಗಡಿಯಾರ ನೋಡಿ ಹೇಳೇ, ತಾಯಿ!"

ನಾನು ಹೊತ್ತನ್ನು ಅಳೆಯುವುದು ಪದ್ಯಗಳಲ್ಲಿ. ಅಪ್ಪ ಗಿರಣಿಯ ಕೆಲಸಕ್ಕೆ ಹೊರಡುವ ಮೊದಲು ಬೆಳಗ್ಗೆ ಕಾವ್ಯವನ್ನು ರಾಗವಾಗಿ ಓದುತ್ತಿದ್ದರು. ನಾನು ಗೋಡೆಗೆ ಒರಗಿ ಕೇಳುತ್ತಿದ್ದೆ. ಅರ್ಥ ತಿಳಿಯುವ ಮೊದಲೇ ನೂರಾರು ಪದ್ಯ ಬಾಯಿಗೆ ಬಂದವು. ಈಗಲೂ ಕೈ ಕೆಲಸ ಮಾಡುತ್ತಿದ್ದರೆ ಬಾಯಿ ಒಳಗೊಳಗೇ ಅವನ್ನು ಹೇಳಿಕೊಳ್ಳುತ್ತದೆ. ಅರವತ್ತು ಪದ್ಯ ಎಂದರೆ ನನ್ನ ಲೆಕ್ಕದಲ್ಲಿ ಒಂದು ಗಂಟೆ.

"ಮಾಮ, ಹತ್ತು ವರ್ಷದಿಂದ ಈ ಆಸ್ಪತ್ರೇಲಿ ಬಾಯಿ ತೆಗೀರಿ, ಬಾಯಿ ತೆಗೀರಿ ಅಂತ ಹೇಳ್ತಾನೇ ಇದೀನಿ," ಸಿಸ್ಟರ್ ಕೆಟಲ್ ಇಡುತ್ತಾ ಹೇಳಿದಳು. "ಹೇಳಿಸಿಕೊಳ್ಳದೆ ಇಷ್ಟು ದೊಡ್ಡದಾಗಿ ಬಾಯಿ ತೆಗೆದಿದ್ದು ನೀವೊಬ್ರೇ."

ಇವರಿಗೆ ನಗು ಬರಲಿಲ್ಲ. ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು.

ನಾವು ಗಂಡ ಹೆಂಡತಿ ಮೀನಿನ ತೊಟ್ಟಿ ನೋಡಿಕೊಳ್ಳುವವರು. ಮನೆಯಲ್ಲಿ ನಮಗೊಂದು ಮೀನಿಲ್ಲ. ಬೇರೆಯವರ ಆಸ್ಪತ್ರೆ, ಆಫೀಸು, ಹೋಟೆಲುಗಳ ತೊಟ್ಟಿಗಳಿಗೆ ವಾರಕ್ಕೊಮ್ಮೆ ಹೋಗಿ ನೀರು ಬದಲಿಸಿ, ಗಾಜು ಉಜ್ಜಿ, ಮರಳು ಸೋಸಿ ಬರುತ್ತೇವೆ. ಇವರನ್ನು ಎಲ್ಲರೂ ಕರೆಯುವುದು ಟ್ಯಾಂಕ್ ಮಾಮ ಎಂದೇ. ಹಲ್ಲಿನ ಡಾಕ್ಟರಮ್ಮನ ಕಾಯುವ ಕೋಣೆಯಲ್ಲಿದ್ದದ್ದು ಒಂದೇ ಮೀನು. ಸಿಹಿನೀರಿನ ತೊರಕೆ, ಸಾಕುಮೀನಿನ ಅಂಗಡಿಯವರು ಸ್ಟಿಂಗ್‌ರೇ ಅನ್ನುತ್ತಾರೆ. ತಟ್ಟೆಯ ಹಾಗೆ ದುಂಡಗೆ, ಚಪ್ಪಟೆ, ಬೂದುಬಣ್ಣದ ಬೆನ್ನ ಮೇಲೆ ಹಳದಿ ಚುಕ್ಕೆ. ಕಣ್ಣು ಬೆನ್ನಿನ ಮೇಲೆ, ಬಾಯಿ ಹೊಟ್ಟೆಯ ಕಡೆ. ಹಿಂದೆ ಬಾಲ, ಬಾಲದ ನಡುವೆ ಗರಗಸದ ಹಲ್ಲಿನಂಥ ಅಂಚಿನ ಒಂದು ಮುಳ್ಳು. ನೆಲಕ್ಕೆ ಹಾಸಿದ ಹಾಗೆ ಮಲಗಿರುತ್ತದೆ ಎಂದು ಸಿಸ್ಟರ್ ಅದಕ್ಕೆ ಚಾಪೆ ಎಂದು ಹೆಸರಿಟ್ಟಳು.

ಬಂದಾಗ ನನ್ನ ಅಂಗೈಯಷ್ಟಿದ್ದಳು. ನಾಲ್ಕು ವರ್ಷದಲ್ಲಿ ಊಟದ ಮಣೆಯಷ್ಟಗಲವಾಗಿ, ಹಳೆಯ ತೊಟ್ಟಿಯಲ್ಲಿ ತಿರುಗಲು ಹೋದರೆ ಅಂಚು ಎರಡೂ ಗಾಜಿಗೆ ತಾಗತೊಡಗಿತು. "ಇವಳಿಗೆ ಉದ್ದ ಬೇಡ, ಎತ್ತರ ಬೇಡ, ಅಗಲ ಬೇಕು," ಎಂದು ನಾನೇ ಡಾಕ್ಟರಮ್ಮನಿಗೆ ಹೇಳಿ ಹೇಳಿ ಎದುರು ಗೋಡೆಗೆ ಅಗಲವಾದ ಹೊಸ ತೊಟ್ಟಿ ಹಾಕಿಸಿದ್ದೆ. ಆ ಶನಿವಾರ ಅವಳನ್ನು ಹಳೆಯದರಿಂದ ಹೊಸದಕ್ಕೆ, ಹತ್ತು ಹೆಜ್ಜೆ ದೂರ, ಸಾಗಿಸುವುದಿತ್ತು.

ತೊರಕೆಯನ್ನು ಸಾಗಿಸುವುದಕ್ಕೆ ನಮ್ಮದೊಂದು ಪದ್ಧತಿ ಇದೆ. ಅಗಲ ಬಾಯಿಯ ಬಿಳಿ ಟಬ್ಬನ್ನು ಮರಳಿನ ಮೇಲೆ ಓರೆಯಾಗಿ ಮಲಗಿಸುವುದು. ಒಳಗೆ ಎರಡು ಸೀಗಡಿ ಇಡುವುದು. ನನ್ನ ಉಂಗುರದಿಂದ ಟಬ್ಬಿನ ಅಂಚಿಗೆ ಮೂರು ಸಲ ತಟ್ಟುವುದು. ಆಮೇಲೆ ಕಾಯುವುದು. ಅವಳು ತಾನಾಗಿ ಜಾರಿಕೊಂಡು ಒಳಗೆ ಬಂದ ಮೇಲೆ ಟಬ್ಬನ್ನು ಮೆಲ್ಲಗೆ ನೆಟ್ಟಗೆ ಮಾಡಿ, ನೀರಿನ ಸಮೇತ ಇಬ್ಬರು ಎತ್ತುವುದು. ಕೈ ಯಾವಾಗಲೂ ಅವಳ ಮುಖದ ಕಡೆ, ಬಾಲದ ಕಡೆ ಎಂದೂ ಅಲ್ಲ. ನೀರಿನಿಂದ ಅವಳು ಹೊರಗೆ ಬರುವುದೇ ಇಲ್ಲ, ಹಾಗಾಗಿ ಹೆದರುವುದೂ ಇಲ್ಲ. ಹೆದರದ ತೊರಕೆ ಬಾಲ ಎತ್ತುವುದಿಲ್ಲ. ಹೀಗೆ ಟಬ್ಬಿಗೆ ಬರುವುದನ್ನು ನಾನು ಅವಳಿಗೆ ತಿಂಗಳುಗಟ್ಟಲೆ ರೂಢಿ ಮಾಡಿಸಿದ್ದೆ.

"ಬಲೆ ತೊರಕೆಗಲ್ಲ," ಎಂದು ಇವರು ಹೊಸಬರಿಗೆಲ್ಲ ಹೇಳುತ್ತಿದ್ದರು. "ಮುಳ್ಳು ದಾರಕ್ಕೆ ಸಿಕ್ಕಿದ್ರೆ ಅದಕ್ಕೂ ನರಕ, ನಿಮಗೂ ನರಕ."

ಆದರೆ ಆ ದಿನ ಚಾಪೆ ಏಳಲಿಲ್ಲ. ಹಿಂದಿನ ದಿನ ಹೊಸ ತೊಟ್ಟಿಯ ಕಬ್ಬಿಣದ ಸ್ಟ್ಯಾಂಡನ್ನು ನೆಲದ ಮೇಲೆ ಎಳೆದ ಸದ್ದಿಗೆ ಬೆದರಿ ಮರಳೊಳಗೆ ಹುದುಗಿಕೊಂಡಿದ್ದಳು; ಎರಡು ಕಣ್ಣು ಮಾತ್ರ ಹೊರಗೆ. ನಾನು ಎರಡು ಸಲ ತಟ್ಟಿ ನೋಡಿದೆ. ಎಂಟು ಮುಕ್ಕಾಲಾಯಿತು. ಒಂಬತ್ತಕ್ಕೆ ಮೊದಲ ಪೇಷಂಟ್. ಅಷ್ಟರೊಳಗೆ ಚಾಪೆ ಹೊಸ ಮನೆಯಲ್ಲಿ ಇರುತ್ತಾಳೆ ಎಂದು ಇವರು ಡಾಕ್ಟರಮ್ಮನ ಮುಂದೆ ಮೀಸೆ ತಿರುವಿ ಬಂದಿದ್ದರು.

"ನಿನ್ನ ಪದ್ಯ ಮುಗಿಯೋ ಹೊತ್ತಿಗೆ ಡಾಕ್ಟರಮ್ಮ ರಿಟೈರ್ ಆಗ್ತಾರೆ," ಎಂದವರೇ ಚೀಲದಿಂದ ಹಸಿರು ಬಲೆ ತೆಗೆದರು. ದೊಡ್ಡ ಮೀನುಗಳಿಗೆಂದು ಇಟ್ಟದ್ದು.

"ಬೇಡ ಅಂದ್ರೆ."

"ಎರಡು ನಿಮಿಷದ ಕೆಲಸ."

ಎರಡು ನಿಮಿಷ ಕೂಡ ಹಿಡಿಯಲಿಲ್ಲ. ಬಲೆ ಕೆಳಗೆ ಹೋಯಿತು, ಚಾಪೆ ಮುದ್ದೆಯಾಗಿ ಮೇಲೆ ಬಂದಳು, ಅರ್ಧ ಗಾಳಿಯಲ್ಲಿ ಅರ್ಧ ನೀರಿನಲ್ಲಿ ಒದ್ದಾಡಿದಳು. ಬಲೆಯ ಅಡಿಗೆ ಇವರು ಕೈ ಕೊಟ್ಟರು. ಬಾಲ ಮೇಲಕ್ಕೆ ಬಾಗಿದ್ದು ನನಗೆ ಕಂಡಿತು; ಮುಳ್ಳು ಬಲೆಯ ಕಣ್ಣನ್ನು ತೂರಿ ಹೆಬ್ಬೆರಳಿನ ಬುಡದ ಮಾಂಸಕ್ಕೆ ಇಳಿಯಿತು. ಇವರು ಕೂಗಿದರು. ಬಲೆ ನೀರಿಗೆ ಬಿತ್ತು. ಚಾಪೆ ಕೊಸರಿ ಬಲೆ ಹರಿದುಕೊಂಡು ಹೊರಬಂದು ಮೂಲೆ ಸೇರಿದಳು.

ಒಳಗಿನಿಂದ ಡಾಕ್ಟರಮ್ಮ ಕೈಗವಸು ಹಾಕಿಕೊಂಡೇ ಓಡಿಬಂದರು. ಅಷ್ಟರಲ್ಲಿ ಬಲೆ ಚೀಲದೊಳಗೆ ಹೋಗಿತ್ತು. ಆ ನೋವಿನಲ್ಲೂ ಇವರಿಗೆ ಅದನ್ನು ಬಚ್ಚಿಡಲು ಎಡಗೈ ಬಂದಿತ್ತು.

"ಏನಾಯ್ತು?"

"ಟಬ್ ಇಟ್ಟು ಕರೀತಿದ್ದೆ ಡಾಕ್ಟರಮ್ಮ. ಅದಾಗೇ ಮೈಮೇಲೆ ಬಂದು ಹೊಡೀತು."

ಡಾಕ್ಟರಮ್ಮ ನನ್ನ ಕಡೆ ತಿರುಗಿದರು. "ಹೌದಾ? ಅದಾಗೇ ಬಂತಾ?"

ಇವರ ಮುಖ ಸುಣ್ಣವಾಗಿತ್ತು. ರಕ್ತ ತೊಟ್ಟಿಕ್ಕುತ್ತಿತ್ತು. ನಾನು ಹೌದೆಂದು ತಲೆಯಾಡಿಸಿದೆ.

ಬಾಯಲ್ಲಿ ಸುಳ್ಳು ಹೇಳಿದ್ದರೆ ಬಾಯಿ ತೊಳೆದುಕೊಳ್ಳಬಹುದಿತ್ತೇನೋ. ತಲೆಯಾಡಿಸಿದ್ದು ಕತ್ತಿನಲ್ಲೇ ಉಳಿದುಬಿಟ್ಟಿತು.

ಬಿಸಿನೀರಿನ ಉಪಚಾರ ಮುಗಿಸಿ ದೊಡ್ಡ ಆಸ್ಪತ್ರೆಗೆ ಹೋದೆವು. ಎಕ್ಸ್‌ರೇ ತೆಗೆದು, ಮುಳ್ಳಿನ ಚೂರು ಒಳಗೆ ಉಳಿದಿಲ್ಲ ಎಂದು ನೋಡಿ, ಗಾಯ ತೊಳೆದು, ಚುಚ್ಚುಮದ್ದು ಕೊಟ್ಟು ಪಟ್ಟಿ ಕಟ್ಟಿದರು. ಎರಡು ವಾರ ನೀರು ಮುಟ್ಟಬಾರದು. ಹಾಗಾಗಿ ಸೋಮವಾರದಿಂದ ತೊಟ್ಟಿಗಳ ಕೆಲಸಕ್ಕೆ ನಾನೊಬ್ಬಳೇ.

ಹಲ್ಲಿನ ಆಸ್ಪತ್ರೆಗೆ ಹೋಗಿ ಮೊದಲು ನೋಡಿದ್ದು ಚಾಪೆಯನ್ನು. ಬಾಲದ ಮುಳ್ಳಿಗೆ ಹಸಿರು ದಾರ ಸುತ್ತಿಕೊಂಡಿತ್ತು. ಬಲೆಯ ದಾರ. ಕಿರುಬೆರಳಿನಷ್ಟುದ್ದ ಹಿಂದೆ ತೇಲುತ್ತಿತ್ತು. ಚಿಮಟ ಹಾಕಿ ಎಳೆಯಲು ಹೋದರೆ ನಾನೂ ಇವರ ಹಾಗೆಯೇ ಮಾಡಿದಂತೆ. ಮರಳಿಗೆ ಉಜ್ಜಿ ತಾನೇ ಬಿಡಿಸಿಕೊಳ್ಳಲಿ ಎಂದು ಬಿಟ್ಟೆ. ಆದರೆ ಗಾಜು ಒರೆಸುವಷ್ಟು ಹೊತ್ತೂ ಆ ದಾರ ನನ್ನ ಕಣ್ಣಿಗೆ ಚುಚ್ಚುತ್ತಿತ್ತು. ಯಾರಾದರೂ ಕೇಳಿದರೆ ಏನು ಹೇಳಲಿ? ಯಾರೂ ಕೇಳಲಿಲ್ಲ. ಹಲ್ಲುನೋವಿನವರಿಗೆ ಮೀನಿನ ಬಾಲದಲ್ಲಿ ಏನಿದ್ದರೇನು?

ಡಾಕ್ಟರಮ್ಮ ಚಹಾ ಲೋಟ ಹಿಡಿದು ಹೊರಗೆ ಬಂದರು.

"ಕೈ ಹೇಗಿದೆ ಅವರದು?"

"ಊತ ಇಳೀತಿದೆ."

"ನಾನೊಂದು ತೀರ್ಮಾನ ಮಾಡಿದೀನಿ. ಈ ಶನಿವಾರ ಬಿಟ್ಟು ಅದರಾಚೆ ಶನಿವಾರ ಹನ್ನೊಂದಕ್ಕೆ ಮೀನಿನ ಅಂಗಡಿಯವನು ಬರ್ತಾನೆ. ಮುಳ್ಳು ಕತ್ತರಿಸಿಬಿಡ್ತಾನೆ. ಆಮೇಲೆ ಹೊಸ ಟ್ಯಾಂಕಿಗೆ ಹಾಕಿ."

ನನ್ನ ಕೈಯಲ್ಲಿದ್ದ ಬಟ್ಟೆ ನಿಂತಿತು. "ಮುಳ್ಳು ಯಾಕೆ ಡಾಕ್ಟರಮ್ಮ?"

"ಯಾಕೆ ಅಂದ್ರೆ? ಮೂವತ್ತು ವರ್ಷ ನೀರಲ್ಲಿ ಕೈಯಾಡಿಸಿದವರ ಮೇಲೇ ಹಾರಿ ಬಂದು ಹೊಡೆದಿದೆ. ನಾಳೆ ಒಂದು ಮಗು ಸ್ಟೂಲು ಹತ್ತಿ ಕೈ ಹಾಕಿದ್ರೆ? ಉಗುರಿನ ಹಾಗಂತೆ, ನೋವಾಗಲ್ಲವಂತೆ. ಒದ್ದೆ ಟವೆಲ್ಲಲ್ಲಿ ಸುತ್ತಿ ಎತ್ತಿ ಹಿಡಿದ್ರೆ ಎರಡು ಸೆಕೆಂಡಂತೆ."

ಅವರ ಮಾತಿನಲ್ಲಿ ತಪ್ಪೇನಿದೆ? ತಾನಾಗಿ ಮೈಮೇಲೆ ಬರುವ ಮೀನಾದರೆ ಹಾಗೇ ಮಾಡಬೇಕೆಂದು ಯಾರಿಗಾದರೂ ಅನಿಸುತ್ತದೆ. ಅದು ಹಾಗಲ್ಲ ಎಂದು ಹೇಳಬೇಕಾದರೆ ಹೇಗೆ ಎಂದೂ ಹೇಳಬೇಕು. ಮುಳ್ಳಿನ ತುದಿ ಉಗುರಿನಂತಿರಬಹುದು, ಬುಡದಲ್ಲಿ ಜೀವವಿದೆ. ತಪ್ಪಿ ಅಲ್ಲಿಗೆ ತಾಗಿದರೆ ರಕ್ತ, ಆಮೇಲೆ ಕೀವು, ಆಮೇಲೆ ಬಾಲ. ಇನ್ನು ನೀರಿನಿಂದೆತ್ತಿ ಟವೆಲ್ಲಿನಲ್ಲಿ ಬಿಗಿದರೆ ಉಸಿರೇ ಕಟ್ಟುತ್ತದೆ. ಇದೆಲ್ಲ ನುಂಗಿಕೊಂಡು ಗಾಜು ಒರೆಸಿದೆ.

ಆಗಲೇ ಮತ್ತೆ ಟಬ್ಬಿನ ರೂಢಿ ಶುರುಮಾಡಿದೆ. ದಿನಾ ಬೆಳಗ್ಗೆ ಎಂಟಕ್ಕೆ ಹೋಗುತ್ತಿದ್ದೆ. ಮೊದಲ ದಿನ ಚಾಪೆ ಟಬ್ಬು ಕಂಡರೇ ದೂರ ಸರಿದಳು. ಎರಡನೆಯ ದಿನವೂ ಅಷ್ಟೇ. ನಾನು ಟಬ್ಬನ್ನು ಅವಳ ಹತ್ತಿರಕ್ಕೆ ತಳ್ಳಲಿಲ್ಲ. ಇದ್ದಲ್ಲೇ ಇಟ್ಟು, ತಟ್ಟಿ, ಪದ್ಯ ಹೇಳಿಕೊಳ್ಳುತ್ತಾ ಕೂತೆ.

"ಅಕ್ಕಾ, ಮೀನಿಗೆ ಕಿವಿ ಕೇಳುತ್ತಾ?" ಸಿಸ್ಟರ್ ಕೇಳಿದಳು.

"ಪದ್ಯ ಕೇಳಲ್ಲ. ತಟ್ಟೋದು ಗೊತ್ತಾಗುತ್ತೆ."

"ಹಾಗಾದ್ರೆ ಪದ್ಯ ಯಾಕೆ?"

"ಅದು ನನಗೆ. ಇಲ್ಲಾಂದ್ರೆ ಅವಸರ ಆಗುತ್ತೆ."

"ನಮ್ಮನೆಯವರಿಗೂ ಒಂದೆರಡು ಕಲಿಸಿಕೊಡಿ. ಅವರಿಗೆ ಊಟಕ್ಕೆ ತಟ್ಟೋದು ಮಾತ್ರ ಗೊತ್ತು."

ನಾಲ್ಕನೆಯ ದಿನ ಚಾಪೆ ಟಬ್ಬಿನ ಬಾಯವರೆಗೆ ಬಂದು ಸೀಗಡಿ ಎಳೆದುಕೊಂಡು ಹೋದಳು. ಆ ದಿನವೇ ದಾರ ಕಳಚಿ ಮರಳಿನ ಮೇಲೆ ಬಿದ್ದಿತ್ತು. ನೀರು ಹೀರುವ ಪೈಪಿನಲ್ಲಿ ಅದನ್ನು ತೆಗೆದು, ತೊಳೆದು, ಕರ್ಚೀಫಿನಲ್ಲಿ ಕಟ್ಟಿಕೊಂಡೆ.

ಮನೆಗೆ ಬಂದು ಇವರ ಮುಂದೆ ಮೇಜಿನ ಮೇಲೆ ಇಟ್ಟೆ. ಇವರು ಎಡಗೈಯಲ್ಲಿ ಪೇಪರ್ ಹಿಡಿದು ಓದುತ್ತಿದ್ದರು.

"ಏನಿದು?"

"ಚಾಪೆ ಬಾಲದಲ್ಲಿತ್ತು."

ಪೇಪರ್ ಕೆಳಗಿಳಿಯಿತು. ಅದರ ಮೇಲೆ ಮುಳ್ಳು ಕತ್ತರಿಸುವ ಸಂಗತಿ ಹೇಳಿದೆ. ಇವರು ದಾರವನ್ನು ಬೆರಳಿನಿಂದ ಹೊರಳಿಸಿದರು.

"ಕತ್ತರಿಸಲಿ ಬಿಡು. ಎಷ್ಟೋ ಕಡೆ ಕತ್ತರಿಸ್ತಾರೆ. ಮತ್ತೆ ಬೆಳೆಯುತ್ತೆ."

"ನೀವೇ ಅದು ತಪ್ಪು ಅಂತ ಹೇಳ್ತಿದ್ರಿ."

"ಹೇಳ್ತಿದ್ದೆ. ಆಗ ನನ್ನ ಕೈಗೆ ಚುಚ್ಚಿರಲಿಲ್ಲ."

"ನಾನು ಡಾಕ್ಟರಮ್ಮನ ಹತ್ರ ಮಾತಾಡ್ತೀನಿ."

"ಏನಂತ?" ಇವರ ದನಿ ಏರಿತು. "ಟ್ಯಾಂಕ್ ಮಾಮ ಬಲೆ ಹಾಕಿದ್ರು ಅಂತಾನಾ? ಮೀನು ಚುಚ್ತು ಅಂದ್ರೆ ಅಯ್ಯೋ ಪಾಪ ಅಂತಾರೆ. ಅವಸರ ಬಿದ್ದು ಚುಚ್ಚಿಸಿಕೊಂಡ ಅಂದ್ರೆ ನಾಳೆ ಯಾವ ಆಫೀಸಿನವರು ನನ್ನನ್ನ ಒಳಗೆ ಬಿಟ್ಟುಕೊಳ್ತಾರೆ? ಇದ್ದಬದ್ದ ಮಾನನೆಲ್ಲ ಬೀದಿಗೆ ಹಾಕ್ತೀಯಾ?"

"ನಿಮ್ಮ ವಿಷಯ ನಾನೆತ್ತಲ್ಲ. ನಾನು ತಲೆಯಾಡಿಸಿದ್ದೆನಲ್ಲ, ಅದೊಂದನ್ನ ವಾಪಸ್ ತಗೊಳ್ತೀನಿ."

"ಎರಡೂ ಒಂದೇ ಅಲ್ವೇನೇ?"

"ಒಂದೇ ಆದ್ರೆ ನಾನೇನ್ ಮಾಡ್ಲಿ?"

ಇವರು ಎದ್ದು ಒಳಗೆ ಹೋದರು. ಬಾಗಿಲು ಎಡಗೈಯಲ್ಲಿ ಹಾಕಿದ್ದರಿಂದ ಸರಿಯಾಗಿ ಬಡಿಯಲೂ ಇಲ್ಲ.

ಮುಂದಿನ ದಿನಗಳಲ್ಲಿ ನಮ್ಮಲ್ಲಿ ಮಾತು ಉಪ್ಪು, ನೀರು, ಮಾತ್ರೆ ಅಷ್ಟಕ್ಕೇ ನಿಂತಿತು. ಒಂದು ಸಂಜೆ ನಾನು ಬಕೆಟ್ಟಿನಲ್ಲಿ ಪೈಪುಗಳನ್ನು ನೆನೆಹಾಕಿದ್ದೆ. ಇವರು ಹತ್ತಿರ ಬಂದು ಒಳ್ಳೆಯ ಕೈಯನ್ನು, ಎಡಗೈಯನ್ನು, ಬಕೆಟ್ಟಿನ ಮೇಲೆ ಹಿಡಿದರು. ಬರಿಯ ನೀರು, ಬರಿಯ ಪೈಪು. ಆದರೂ ಬೆರಳು ನೀರಿಗೆ ತಾಗುವ ಮೊದಲೇ ಕೈ ಹಿಂದಕ್ಕೆ ಬಂತು. ಮತ್ತೊಮ್ಮೆ ಇಳಿಸಿದರು. ಮತ್ತೆ ಹಿಂದಕ್ಕೆ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದ್ದು ಅವರಿಗೆ ತಿಳಿಯಲಿಲ್ಲ. ನಾನು ಸದ್ದು ಮಾಡದೆ ಒಲೆಯ ಕಡೆ ತಿರುಗಿದೆ. ಮೀನಿನ ಮೇಲೆ ಇವರಿಗೆ ಸಿಟ್ಟಿರಲಿಲ್ಲ, ಭಯವಿತ್ತು. ಮುಳ್ಳಿಲ್ಲದ ಚಾಪೆಯಾದರೆ ಕೈ ಹಾಕಬಹುದು ಎಂದು ಲೆಕ್ಕ ಹಾಕುತ್ತಿದ್ದಾರೆ ಎಂದು ಆಗ ಹೊಳೆಯಿತು.

ಅಂಗಡಿಯವನು ಬರುವ ಶನಿವಾರ ಬೆಳಗ್ಗೆ ನಾನು ಟಬ್ಬು ಹಿಡಿದು ಹೊರಟಾಗ ಇವರು ಶರಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಎಡ ಕಂಕುಳಲ್ಲಿ ಪೇಪರಿನಲ್ಲಿ ಸುತ್ತಿದ ಏನೋ ಒಂದು. ಏನೆಂದು ನಾನು ಕೇಳಲಿಲ್ಲ, ಇವರೂ ಹೇಳಲಿಲ್ಲ. ಡಾಕ್ಟರಮ್ಮನ ಮುಂದೆ ಏನು ಹೇಳಬೇಕೆಂದು ನಾನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಂಡೆ. ಎಷ್ಟು ಜೋಡಿಸಿದರೂ ಅದು "ಆ ದಿನ ನಾನು" ಎಂಬಲ್ಲೇ ಮುರಿದು ಬೀಳುತ್ತಿತ್ತು.

ಹನ್ನೊಂದಕ್ಕೆ ಕಾಯುವ ಕೋಣೆಯ ಹದಿನಾಲ್ಕು ಕುರ್ಚಿಯೂ ಭರ್ತಿ. ಅಂಗಡಿಯವನು ಮೊದಲೇ ಬಂದು, ಟವೆಲ್ ನೆನೆಸಿ, ಬಲೆ ಮತ್ತು ಇಕ್ಕಳ ಜೋಡಿಸಿಟ್ಟಿದ್ದ.

"ಬನ್ನಿ ಬನ್ನಿ ಯಜಮಾನ್ರೇ," ಎಂದ. "ನಿಮ್ಮ ಶತ್ರೂನ ಇವತ್ತು ಬೋಳಿಸ್ತೀನಿ."

ಡಾಕ್ಟರಮ್ಮ ಒಬ್ಬರ ಹಲ್ಲಿಗೆ ಹತ್ತಿ ತುರುಕಿ ಹೊರಗೆ ಬಂದರು. ನಾನು ಬಾಯಿ ತೆರೆದೆ. "ಡಾಕ್ಟರಮ್ಮ, ಆ ದಿನ ನಾನು..."

"ತಡಿ," ಎಂದರು ಇವರು. ಪೇಪರ್ ಬಿಚ್ಚಿ ಹಸಿರು ಬಲೆಯನ್ನು ಕೌಂಟರಿನ ಮೇಲೆ ಇಟ್ಟರು. ನಡುವೆ ಕೈ ತೂರುವಷ್ಟು ಹರಿದಿತ್ತು. ಅದರ ಪಕ್ಕಕ್ಕೆ ಜೇಬಿನಿಂದ ಆ ದಾರವನ್ನೂ ತೆಗೆದಿಟ್ಟರು. ಮೇಜಿನ ಮೇಲಿಂದ ಅದನ್ನು ಎತ್ತಿಟ್ಟುಕೊಂಡದ್ದು ನನಗೆ ಗೊತ್ತಿರಲಿಲ್ಲ.

"ಇದರಿಂದ ಹಿಡಿದೆ ಡಾಕ್ಟರಮ್ಮ. ಹಿಡೀಬಾರದು ಅಂತ ನನಗೆ ಗೊತ್ತು, ಬೇರೆಯವರಿಗೆ ಹೇಳಿಕೊಡೋನೇ ನಾನು. ಒಂಬತ್ತರೊಳಗೆ ಮುಗಿಸ್ತೀನಿ ಅಂದಿದ್ದೆ, ಅದು ಏಳಲಿಲ್ಲ, ಬಲೆ ಹಾಕ್ದೆ. ಉಸಿರು ಕಟ್ಟಿಸಿದ್ರೆ ಯಾವ ಪ್ರಾಣಿಯಾದ್ರೂ ತಿರುಗಿ ಬೀಳುತ್ತೆ. ಅದಾಗೇ ಬಂತು ಅಂದಿದ್ದು ಸುಳ್ಳು."

ಕೆನ್ನೆ ಊದಿದ್ದ ಒಬ್ಬ ಹಿರಿಯರು "ಆಂ? ಏನಂತೆ?" ಎಂದು ಪಕ್ಕದವರನ್ನು ಕೇಳಿದರು.

ಡಾಕ್ಟರಮ್ಮ ಬಲೆಯ ಹರಿದ ಕಡೆ ಬೆರಳು ತೂರಿಸಿ ನೋಡಿದರು. ಮುಖ ಗಂಟಿಕ್ಕಿತು.

"ನನ್ನ ಮುಂದೆ ನಿಂತು ಸುಳ್ಳು ಹೇಳಿದ್ರಿ."

"ಹೂಂ."

"ನೀವೂನಾ?" ನನ್ನನ್ನು ಕೇಳಿದರು.

"ತಲೆಯಾಡಿಸಿದೆ ಡಾಕ್ಟರಮ್ಮ. ಅದನ್ನೇ ಹೇಳೋಕೆ ಬಂದೆ."

ಅಂಗಡಿಯವನು ನಡುವೆ ಬಾಯಿ ಹಾಕಿದ. "ಯಾರು ಏನೇ ಮಾಡಿರ್ಲಿ ಮೇಡಂ, ಮುಳ್ಳು ಮುಳ್ಳೇ. ಮಕ್ಕಳು ಬರೋ ಜಾಗ."

"ಅವನು ಹೇಳೋದೂ ನಿಜ," ಎಂದರು ಡಾಕ್ಟರಮ್ಮ.

"ಮಕ್ಕಳಿಗೆ ಮುಚ್ಚಳ ಬೇಕು, ಬೀಗ ಬೇಕು," ಎಂದರು ಇವರು. "ಕತ್ತರಿಸಿದ್ರೆ ಕೆಲವು ತಿಂಗಳಿಗೆ ಹೊಸ ಮುಳ್ಳು ಬರುತ್ತೆ. ಕತ್ತರಿಸಿದೀವಿ ಅಂತ ಎಲ್ಲರೂ ಧೈರ್ಯವಾಗಿ ಕೈ ಹಾಕ್ತಿರ್ತಾರೆ, ಅಷ್ಟರಲ್ಲಿ ಅದು ಬೆಳೆದಿರುತ್ತೆ. ಹಾಲುಹಲ್ಲು ಬಿದ್ದ ಮೇಲೆ ಹೊಸದು ಬರಲ್ವಾ, ಹಾಗೆ. ಅದು ತಾನಾಗೇ ಉದುರೋದು, ತಾನಾಗೇ ಬರೋದು. ಹಾಲುಹಲ್ಲನ್ನ ನೀವು ಸುಮ್ಮಸುಮ್ಮನೆ ಕೀಳ್ತೀರಾ?"

ಡಾಕ್ಟರಮ್ಮ ಗಡಿಯಾರ ನೋಡಿದರು. ಆಮೇಲೆ ನನ್ನ ಕೈಯಲ್ಲಿದ್ದ ಬಿಳಿ ಟಬ್ಬನ್ನು ನೋಡಿದರು.

"ಇದಕ್ಕೆ ಅದಾಗೇ ಬರುತ್ತೆ ಅಂತೀರಿ."

"ಬರುತ್ತೆ."

"ಇಷ್ಟು ಜನರ ಮುಂದೆ?"

"ನೋಡೋಣ," ಎಂದೆ.

"ಬಂದ್ರೆ ಮುಳ್ಳಿನ ತಂಟೆಗೆ ಹೋಗಲ್ಲ. ಬರದೇ ಇದ್ರೆ ಅವನು ಎತ್ತಲಿ. ನನಗೆ ಹನ್ನೊಂದೂವರೆಗೆ ಬೇರು ತೆಗೆಯೋ ಕೇಸಿದೆ."

ಅಂಗಡಿಯವನು ಇಕ್ಕಳ ಕೈಯಲ್ಲೇ ಹಿಡಿದು ಗೋಡೆಗೆ ಒರಗಿದ. ಸಿಸ್ಟರ್ ಎಲ್ಲರನ್ನೂ ಎರಡು ಹೆಜ್ಜೆ ಹಿಂದೆ ಸರಿಸಿದಳು. "ಗಾಜು ಬಡೀಬೇಡಿ. ಬಡಿದವರ ಹಲ್ಲು ಕೊನೇಲಿ ನೋಡೋದು!"

ಟಬ್ಬನ್ನು ಇಳಿಸಿದೆ. ಸೀಗಡಿ ಇಟ್ಟೆ. ಉಂಗುರದಿಂದ ಮೂರು ಸಲ ತಟ್ಟಿದೆ. ಚಾಪೆ ಮರಳೊಳಗಿದ್ದಳು, ಕಣ್ಣಿನ ಹಿಂದಿನ ಉಸಿರಿನ ತೂತುಗಳು ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡುತ್ತಿದ್ದವು. ನಾನು ಅಪ್ಪನ ಪದ್ಯಗಳನ್ನು ಮೊದಲಿನಿಂದ ಶುರುಮಾಡಿದೆ. ಒಂದು ಮುಗಿಯಿತು. ಎರಡು ಮುಗಿದವು. ಯಾರೋ ಕೆಮ್ಮಿದರು, ಚಾಪೆ ಇನ್ನಷ್ಟು ಮರಳು ಎಳೆದುಕೊಂಡಳು. ಐದಾಯಿತು.

"ಏನಮ್ಮಾ," ಎಂದರು ಕೆನ್ನೆ ಊದಿದವರು, "ಇದು ಬರೋದ್ರೊಳಗೆ ನನ್ನ ಹಲ್ಲು ತಾನೇ ಉದುರುತ್ತೆ."

ಎಲ್ಲರೂ ನಕ್ಕರು. ನನಗೆ ಇವರ ಕಡೆ ನೋಡಲು ಭಯ. ಹೋದ ಸಲ ಇಷ್ಟು ಕಾಯುವಷ್ಟರಲ್ಲಿ ಬಲೆ ಹೊರಬಂದಿತ್ತು. ಈಗ ಇವರು ನನ್ನ ಪಕ್ಕದಲ್ಲಿ ಮೊಣಕಾಲೂರಿ ಕೂತಿದ್ದರು. ಮೆಲ್ಲಗೆ ಕೇಳಿದರು, "ಎಲ್ಲಿಗೆ ಬಂತು?"

"ಆರನೇದು."

"ನಿಧಾನಕ್ಕೆ ಹೇಳು. ಓಡಿಸ್ತಿದೀಯ."

ನಿಜ, ಓಡಿಸುತ್ತಿದ್ದೆ. ಆರನೆಯದನ್ನು ಬಿಟ್ಟು ಮತ್ತೆ ಮೊದಲಿನಿಂದ, ಅಪ್ಪ ಎಳೆಯುತ್ತಿದ್ದಷ್ಟೇ ಎಳೆದು, ಮನಸ್ಸಿನಲ್ಲಿ ಹೇಳಿಕೊಂಡೆ. ಇನ್ನೊಮ್ಮೆ ತಟ್ಟಿದೆ. ನಾಲ್ಕನೆಯ ಪದ್ಯದ ನಡುವೆ ಮರಳು ಅಲುಗಿತು. ಅಂಚು ಎದ್ದಿತು, ಗಾಳಿಗೆ ಸೀರೆಯ ಸೆರಗು ಏಳುವ ಹಾಗೆ. ಚಾಪೆ ಒಂದು ಸುತ್ತು ಹಾಕಿ, ಟಬ್ಬಿನ ಬಾಯಲ್ಲಿ ನಿಂತು, ಮೂಸಿ, ಪೂರ್ತಿ ಒಳಗೆ ಜಾರಿ ಸೀಗಡಿಯ ಮೇಲೆ ಹಾಸಿಕೊಂಡಳು. ಬಾಲ ನೇರವಾಗಿ ಹಿಂದೆ ಮಲಗಿತ್ತು.

ಟಬ್ಬನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ನೆಟ್ಟಗೆ ಮಾಡಿದೆ. ಈಗ ಎತ್ತಬೇಕು. ನೀರು ತುಂಬಿದ ಟಬ್ಬು ಒಬ್ಬಳ ಕೈಯಿಂದ ಆಗುವುದಲ್ಲ. ಇನ್ನೊಂದು ಬದಿಯ ಹಿಡಿ ನೀರೊಳಗೆ ಮೊಳಕೈಯಷ್ಟು ಆಳದಲ್ಲಿತ್ತು.

ಇವರು ಎಡಗೈ ಚಾಚಿದರು. ನೀರಿಗೆ ಒಂದು ಬೆರಳಿನಷ್ಟು ದೂರದಲ್ಲಿ ಅದು ನಿಂತಿತು.

"ಮುಖದ ಕಡೆ," ಎಂದೆ.

"ಗೊತ್ತು ಕಣೇ. ನಿನಗೆ ಕಲಿಸಿದ್ದು ಯಾರು?"

ಕೈ ಇಳಿಯಿತು. ಹಿಡಿ ಸಿಕ್ಕಿತು. ಚಾಪೆ ಸೀಗಡಿ ಜಗಿಯುತ್ತಲೇ ಇದ್ದಳು. ಎತ್ತಿದೆವು. ಹೊರಗೆ ಬಂದ ಮೇಲೆ ಬಲ ಮೊಳಕೈಯನ್ನು ಟಬ್ಬಿನ ತಳಕ್ಕೆ ಕೊಟ್ಟರು, ಪಟ್ಟಿ ಒದ್ದೆಯಾಗದ ಹಾಗೆ. ಹತ್ತು ಹೆಜ್ಜೆ. ಸಿಸ್ಟರ್ ದಾರಿ ಬಿಡಿಸುತ್ತಾ ಮುಂದೆ ನಡೆದಳು. ಹೊಸ ತೊಟ್ಟಿಯ ನೀರನ್ನು ನಾನು ವಾರದಿಂದ ಹದ ಮಾಡಿಟ್ಟಿದ್ದೆ. ಆದರೂ ಟಬ್ಬನ್ನು ಅದರಲ್ಲಿ ತೇಲಿಬಿಟ್ಟು, ಲೋಟದಿಂದ ಸ್ವಲ್ಪ ಸ್ವಲ್ಪ ಹೊಸ ನೀರು ಬೆರೆಸಿ, ಅರ್ಧ ಗಂಟೆ ಕಾದು, ಆಮೇಲೆ ಓರೆ ಮಾಡಿದೆವು. ಡಾಕ್ಟರಮ್ಮ ಅಷ್ಟು ಹೊತ್ತೂ ನಿಂತಿದ್ದರು. ಬೇರು ತೆಗೆಸಿಕೊಳ್ಳಬೇಕಾದವರೂ ಕುರ್ಚಿಯಿಂದ ಎದ್ದು ಬಂದು ನೋಡುತ್ತಿದ್ದರು. ಅವರಿಗೇನೂ ಅವಸರವಿದ್ದ ಹಾಗಿರಲಿಲ್ಲ.

ಚಾಪೆ ಹೊರಗೆ ಜಾರಿ, ಗಾಜಿಗೆ ತಾಗದೆ ಒಂದು ಪೂರ್ತಿ ಸುತ್ತು ತಿರುಗಿದಳು.

"ಅದಾಗೇ ಬಂತಾ?" ಎಂದು ಡಾಕ್ಟರಮ್ಮ ನನ್ನನ್ನೇ ಕೇಳಿದರು. ಕಣ್ಣಾರೆ ಕಂಡಿದ್ದರೂ ಕೇಳಿದರು.

ತಲೆಯಾಡಿಸಲು ಹೋಗಿ ತಡೆದುಕೊಂಡೆ. "ಹೌದು ಡಾಕ್ಟರಮ್ಮ. ಅದಾಗೇ ಬಂತು," ಎಂದು ಬಾಯಿಬಿಟ್ಟೇ ಹೇಳಿದೆ.

ಅವರು ಅಂಗಡಿಯವನಿಗೆ ಹೋಗಬಹುದೆಂದು ಸನ್ನೆ ಮಾಡಿದರು. "ಬೀಗದ ಮುಚ್ಚಳ ಈ ವಾರವೇ ಹಾಕಿಸಿ. ಮುಳ್ಳಿದೆ, ಕೈ ಹಾಕಬೇಡಿ ಅಂತ ದೊಡ್ಡ ಅಕ್ಷರದಲ್ಲಿ ಬರೆಸಿ. ಇನ್ನೊಂದು," ಇವರ ಕಡೆ ತಿರುಗಿದರು, "ಮತ್ತೆ ನನ್ನ ಹತ್ರ ಸುಳ್ಳು ಹೇಳಿದ್ರೆ ನಿಮ್ಮ ಹಲ್ಲು ಕೀಳ್ತೀನಿ. ಮರಗಟ್ಟಿಸದೆ."

"ಬಾಯಿ ತೆಗೆಸೋ ಕೆಲಸ ನನಗೆ ಬಿಡಿ ಮೇಡಂ," ಎಂದಳು ಸಿಸ್ಟರ್.

ಇವರು ಹೆದರಿದ್ದು ಪೂರ್ತಿ ಸುಳ್ಳಾಗಲಿಲ್ಲ. ಆ ಹದಿನಾಲ್ಕು ಕುರ್ಚಿಯವರಲ್ಲಿ ಒಬ್ಬರು ನಾವು ಹೋಗುತ್ತಿದ್ದ ಒಂದು ಆಫೀಸಿನವರಂತೆ. ಮುಂದಿನ ತಿಂಗಳು ಅಲ್ಲಿ ನಮ್ಮನ್ನು ಬೇಡ ಎಂದರು. ಇವರು ಮೂರು ದಿನ ಮುಖ ಇಳಿಬಿಟ್ಟುಕೊಂಡಿದ್ದರು. ನಾಲ್ಕನೆಯ ದಿನ ಹಸಿರು ಬಲೆಯ ದಾರವನ್ನೆಲ್ಲ ಕತ್ತರಿಸಿ ತೆಗೆದು, ಹಿಡಿಗೆ ಸ್ಪಂಜು ಕಟ್ಟಿ, ಗಾಜು ಉಜ್ಜುವ ಕೋಲು ಮಾಡಿಕೊಂಡರು.

ಮಳೆಗಾಲ ಮುಗಿಯುವ ಹೊತ್ತಿಗೆ ಹೊಸ ತೊಟ್ಟಿಯ ಮರಳಿನಲ್ಲಿ ಒಂದು ಮುಳ್ಳು ಸಿಕ್ಕಿತು. ಹಳೆಯದು, ಹಳದಿಗಟ್ಟಿದ್ದು, ತಾನಾಗಿ ಉದುರಿದ್ದು. ಅವಳ ಬಾಲದಲ್ಲಿ ಅದರ ಜಾಗದಲ್ಲಿ ಹೊಸದು ಆಗಲೇ ಬಂದಿತ್ತು. ಡಾಕ್ಟರಮ್ಮ ಅದನ್ನು ತೊಳೆಸಿ, ಮಕ್ಕಳ ಹಾಲುಹಲ್ಲು ಇಡುವ ಪುಟ್ಟ ಡಬ್ಬಿಯಲ್ಲಿ ಹಾಕಿ ಕೌಂಟರಿನ ಮೇಲೆ ಇಟ್ಟಿದ್ದಾರೆ. ಮಕ್ಕಳು ಗರಗಸದಂಥ ಅಂಚನ್ನು ನೋಡಿ, ಬೀಗ ಹಾಕಿದ ಮುಚ್ಚಳವನ್ನು ನೋಡಿ, ತಾವಾಗಿಯೇ ಕೈಕಟ್ಟಿ ನಿಲ್ಲುತ್ತಾರೆ.

ಮುಳ್ಳು ಸಿಕ್ಕ ದಿನ ಮರಳು ಸೋಸುವುದು ಇನ್ನೂ ಬಾಕಿಯಿತ್ತು. ಇವರು ಬಲಗೈಯ ತೋಳು ಮಡಚಿದರು. ಹೆಬ್ಬೆರಳಿನ ಬುಡದಲ್ಲಿ ಕಲೆ ಬೆಳ್ಳಗಾಗಿತ್ತು. ಚಾಪೆ ಎದುರು ಮೂಲೆಯಲ್ಲಿದ್ದಳು, ಮುಖ ನಮ್ಮ ಕಡೆ.

"ಹೇಳು," ಎಂದರು.

ನಾನು ಮೊದಲನೆಯ ಪದ್ಯದಿಂದ ಶುರುಮಾಡಿದೆ, ಈ ಸಲ ಅವರಿಗೂ ಕೇಳುವ ಹಾಗೆ.